ಲಾರಿ ಓಡಿಸುತ್ತಿದ್ದ ಕ್ಯಾಪ್ಟನ್, ನನ್ನ 35 ಯೂರೋ ದೊಣ್ಣೆ

ಹಾಂ, ರೆಕಾರ್ಡ್ ಆಗುತ್ತಿದೆ. ಐರ್ಲೆಂಡಿನ ಕಾರ್ಕ್‌ನಿಂದ ಬಸ್ ಹಿಡಿದು ಕ್ಲೋಯ್ನ್ ಅನ್ನೋ ಪುಟ್ಟ ಊರಿಗೆ ಬಂದಿದ್ದೇನೆ. ಆ ಉದ್ದನೆಯ ಕಲ್ಲಿನ ಗೋಪುರ ಹಳೇದು, ಚೆನ್ನಾಗಿದೆ, ಆದರೆ ನಾನು ಬಂದಿದ್ದು ಅದಕ್ಕಲ್ಲ. ಕ್ರಿಸ್ಟಿ ರಿಂಗ್‌ಗೆ. ಹರ್ಲಿಂಗ್ ಆಟಗಾರ, ಅಂದರೆ ದೊಣ್ಣೆಯಿಂದ ಚೆಂಡು ಹೊಡೆಯೋ ಐರ್ಲೆಂಡಿನ ಆಟದವನು, ಇದೇ ಊರಲ್ಲಿ 1920ರಲ್ಲಿ ಹುಟ್ಟಿದವನು.

ಅದಕ್ಕೆ ಮೊದಲು ಈ ದೊಣ್ಣೆ. ಇದಕ್ಕೆ ಹರ್ಲಿ ಅಂತಾರೆ, ಆ್ಯಶ್ ಮರದ್ದು. 35 ಯೂರೋ! ಆ್ಯಶ್ ಮರಗಳಿಗೆ ರೋಗ ಬಂದು ಸಾಯುತ್ತಿವೆ, ಅದಕ್ಕೇ ಈ ರೇಟು ಅಂದರು ಅಂಗಡಿಯವರು. ಹೋಗಲಿ ಬಿಡಿ ಅಂತ ಕೊಟ್ಟೆ. ಮನೆಗೆ ತಂದು ಪಕ್ಕದಲ್ಲಿ ನಿಲ್ಲಿಸಿದರೆ ಸೊಂಟ ದಾಟಿ ಹೋಗುತ್ತಿದೆ, 36 ಇಂಚು, ನನ್ನ ಎತ್ತರಕ್ಕೆ ಜಾಸ್ತಿ. ಬದಲಾಯಿಸಿ ಅಂದರೆ, ಚೆಂಡು ಬಿದ್ದ ಗುರುತಿದೆ, ಆಗಲ್ಲ ಅಂದರು. ಹೊಡೆದಿದ್ದೇ ಮೂರು ಸಲ, ಅದರಲ್ಲಿ ಒಂದು ತಪ್ಪಿ ಗೋಡೆಗೆ ತಾಗಿತು. ಚಿನ್ನಿ ದಾಂಡು ಆಡಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ, ಆ ಮಾತು ವಾಪಸ್ ತಗೊಂಡೆ.

ಅಗೋ, ರಿಂಗ್ ಪ್ರತಿಮೆ. ಆಟದ ಮೈದಾನದ ಪಕ್ಕದಲ್ಲೇ. ಇಷ್ಟೇನಾ ಅನ್ನಿಸಿತು ಮೊದಲು. ಇಲ್ಲ ಇಲ್ಲ, ಹತ್ತಿರ ಬಂದರೆ ಚೆನ್ನಾಗಿದೆ, ಕೈಯಲ್ಲಿ ಹರ್ಲಿ ನೋಡಿ.

ಕಾರ್ಕ್ ತಂಡದಲ್ಲಿ ಆಡಿ ಎಂಟು ಸಲ ಆಲ್-ಐರ್ಲೆಂಡ್, ಅಂದರೆ ಇಡೀ ಐರ್ಲೆಂಡಿನ ಚಾಂಪಿಯನ್‌ಶಿಪ್, ಗೆದ್ದಿದ್ದಾನೆ. 1946, 1953, 1954, ಈ ಮೂರರಲ್ಲಿ ಅವನೇ ಕ್ಯಾಪ್ಟನ್. ಮೂರು ಸಲ ಕ್ಯಾಪ್ಟನ್ ಆಗಿ ಕಪ್ ಎತ್ತಿದ ಮೊದಲಿಗ. 1954ರ ಫೈನಲ್‌ಗೆ ಡಬ್ಲಿನ್‌ನಲ್ಲಿ 84,856 ಜನ ಸೇರಿದ್ದರು. ಇಷ್ಟಾದರೂ ಹೊಟ್ಟೆಪಾಡಿಗೆ ಎಣ್ಣೆ ಲಾರಿ ಓಡಿಸುತ್ತಿದ್ದ! ಈ ಆಟದಲ್ಲಿ ಆಡಿದ್ದಕ್ಕೆ ಸಂಬಳ ಇಲ್ಲ, ಈಗಲೂ ಇಲ್ಲ. ನಮ್ಮ ಕಡೆ ಕ್ರಿಕೆಟ್ ಹರಾಜು ನೆನಪಾಗಿ ನಗು ಬಂತು, ಅದು ಬೇರೆ ವಿಷಯ, ಬಿಡಿ.

ನನಗೆ ಇಷ್ಟವಾಗಿದ್ದು ಅವನು ಸೋತ ಪಂದ್ಯ. 1956ರ ಫೈನಲ್, ಎದುರಿಗೆ ವೆಕ್ಸ್‌ಫರ್ಡ್ ತಂಡ. ಗೆದ್ದರೆ ಒಂಬತ್ತನೇ ಪದಕ. ಕೊನೆಯ ನಿಮಿಷಗಳಲ್ಲಿ ರಿಂಗ್ ಹೊಡೆದ ಚೆಂಡನ್ನು ವೆಕ್ಸ್‌ಫರ್ಡ್ ಗೋಲ್‌ಕೀಪರ್ ಆರ್ಟ್ ಫೋಲಿ ತಡೆದುಬಿಟ್ಟ. ರಿಂಗ್ ಹೋಗಿ ಅವನ ಕೈ ಕುಲುಕಿದ. ಪಂದ್ಯ ಮುಗಿದ ಮೇಲೆ ಗೆದ್ದ ವೆಕ್ಸ್‌ಫರ್ಡ್‌ನವರೇ ಬಾಬಿ ರ‍್ಯಾಕರ್ಡ್, ನಿಕ್ ಒ'ಡಾನೆಲ್ ಇಬ್ಬರೂ ಸೇರಿ, ಸೋತ ರಿಂಗ್‌ನನ್ನು ಹೆಗಲ ಮೇಲೆ ಹೊತ್ತುಕೊಂಡು... ಅಯ್ಯೋ, ಬಸ್ ಬಂತು! ತಪ್ಪಿದರೆ ಇಲ್ಲೇ ಕೂರಬೇಕು. ಹೊರಟೆ, ದೊಣ್ಣೆ ಎಲ್ಲಿ ಇಟ್ಟೆ?