ಕೆಲಸ ಮಾಡದ ಮೇಷ್ಟ್ರು ಕೆಲಸ ಕಲಿಸೋದು ಹೇಗೆ?

ನಮಸ್ಕಾರ, ಎಲ್ಲರಿಗೂ ಸ್ವಾಗತ. ಹೋದ ಎಪಿಸೋಡಿಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡೋಕೆ ಇಂಡಸ್ಟ್ರಿ ಅನುಭವ ಯಾಕೆ? ಸಿಲಬಸ್ ಗೊತ್ತಿದ್ದರೆ ಸಾಕು." ಸಾಕಾ? ಇದಕ್ಕೆ ಲೈಕು ಬೇರೆ!

ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಕೋರ್ಸು. ಕೆಲವರು ಅಲ್ಲಿಂದ ನಾಲ್ಕು ವರ್ಷದ ಡಿಗ್ರಿಗೆ ಹೋಗುತ್ತಾರೆ, ಕೆಲವರು ನೇರವಾಗಿ ಕೆಲಸ ಹುಡುಕುತ್ತಾರೆ. ಹಗಲೆಲ್ಲ ದುಡಿದು ಸಂಜೆ ಕ್ಲಾಸಿಗೆ ಬರುವವರೂ ಇದ್ದಾರೆ. ಅವರಿಗೆ ಪುಸ್ತಕದ ಬದನೆಕಾಯಿ ಕೊಟ್ಟು ಕಳಿಸ್ತೀರಾ? ನನ್ನ ಮಾತು ಒಂದೇ. ಕೆಲಸ ಕಲಿಸುವವರು ಆ ಕೆಲಸ ಮಾಡಿರಬೇಕು.

ಇಬ್ಬರು ವಿದ್ಯಾರ್ಥಿಗಳು ಒಂದೇ ಸಾಲು ತಿದ್ದಿದ್ದಾರೆ ಅಂತಿಟ್ಟುಕೊಳ್ಳಿ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇಬ್ಬರದನ್ನೂ ಮರ್ಜ್ ಮಾಡಿದರೆ, ಅಂದರೆ ಸೇರಿಸಿದರೆ, ಕಾನ್‌ಫ್ಲಿಕ್ಟ್: ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಫೈಲ್ ತೆರೆದರೆ ಏಳು ಬಾಣದ ಗುರುತು, ಪಕ್ಕದಲ್ಲಿ 'ಹೆಡ್' ಅಂತ, ಮಧ್ಯೆ ಸಮ ಚಿಹ್ನೆಗಳ ಗೆರೆ. ಪಳಗಿದ ಕೈ ಗಾಬರಿಯಾಗುವುದಿಲ್ಲ. "ಮೇಲಿರೋದು ನಿನ್ನ ಬ್ರಾಂಚಿನದು, ಕೆಳಗಿರೋದು ಅವಳದು. ಯಾವುದು ಉಳೀಬೇಕು, ಇಬ್ಬರೂ ಕೂತು ಮಾತಾಡಿ." ಸಿಲಬಸ್ ಮೇಷ್ಟ್ರು? "ಫೋಲ್ಡರ್ ಡಿಲೀಟ್ ಮಾಡು, ಸರ್ವರಿನಿಂದ ಮತ್ತೆ ಕ್ಲೋನ್ ಮಾಡು." ಪುಶ್ ಮಾಡದ, ಅಂದರೆ ಸರ್ವರಿಗೆ ಇನ್ನೂ ಕಳಿಸದ ಕೋಡ್ ಎಲ್ಲ ಗೋವಿಂದ!

"ಮೂಲ ತತ್ವಗಳು ಬದಲಾಗಲ್ಲ ಸಾರ್" ಅಂತೀರಿ. ಹೌದು ಸ್ವಾಮಿ, ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್ ಬದಲಾಗಲ್ಲ. ಆದರೆ ಪೈಥಾನ್ ಭಾಷೆಯ ಹಳೇ ವರ್ಷನ್ ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತುಹೋಯಿತು. ಇವತ್ತೂ ಅದರ ಶೈಲಿಯಲ್ಲೇ ಬ್ರಾಕೆಟ್ ಇಲ್ಲದ ಪ್ರಿಂಟ್ ಬರೆಸುವವರು ಯಾವ ತತ್ವ ಕಾಪಾಡುತ್ತಿದ್ದಾರೆ?

ಬ್ಯಾಕಪ್ ವಿಷಯಕ್ಕೆ ಬನ್ನಿ. 2017ರ ಜನವರಿ 31ರಂದು, ಜನ ತಮ್ಮ ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸಿನ ಡೈರೆಕ್ಟರಿ ಅಳಿಸಿಬಿಟ್ಟರು. ಆಗ ನೋಡಿದರೆ, ದಿನಾ ತೆಗೆಯಬೇಕಿದ್ದ ಬ್ಯಾಕಪ್ ಸದ್ದಿಲ್ಲದೆ ಫೇಲ್ ಆಗುತ್ತಿತ್ತು! ಬ್ಯಾಕಪ್ ಟೂಲಿಗೂ ಅವರ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ಗೂ ವರ್ಷನ್ ಹೊಂದಿರಲಿಲ್ಲ. ಫೇಲಾಗಿದೆ ಅಂತ ಹೇಳುವ ಮೇಲ್ ಕೂಡ ತಲುಪಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡೇಟಾದ ನಕಲು, ಇತ್ತು. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ರಿಸ್ಟೋರ್ ಮಾಡಿ ನೋಡಬೇಕು. ಸರ್ವರ್ ಮುಂದೆ ಬೆವರಿದವರು ಇದನ್ನು ಮೊದಲ ವಾರವೇ ಹೇಳುತ್ತಾರೆ. ಕೆಲಸ ಮಾಡಿರಬೇಕು ಅಂದಿದ್ದು ಇದಕ್ಕೇ!

ಅಂದಹಾಗೆ, ಸಬ್‌ಸ್ಕ್ರೈಬ್ ಮಾಡದೆ ಇಲ್ಲಿವರೆಗೂ ಕೇಳಿಸಿಕೊಂಡವರೇ, ನಿಮಗೆ ನಾಚಿಕೆ ಆಗಲ್ವಾ? ಒತ್ತಿ, ಒತ್ತಿ.

ಕ್ಯಾಲಿಫೋರ್ನಿಯಾದಲ್ಲಿ ಕೆಲವು ವೃತ್ತಿ ವಿಷಯಗಳಿಗೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಜೊತೆ 6 ವರ್ಷದ ಅನುಭವ ಇದ್ದರೆ ಪಾಠ ಮಾಡಬಹುದು. ನೋಡಿ, ನಿಯಮ ಬರೆದವರಿಗೂ ಗೊತ್ತು! ಆದರೆ ಕಂಪ್ಯೂಟರ್ ಸೈನ್ಸ್ ಅಂದ ಕೂಡಲೇ ಸಾಮಾನ್ಯವಾಗಿ ಮಾಸ್ಟರ್ಸ್ ಕೇಳುತ್ತಾರೆ. ಅನುಭವಕ್ಕೆ ಅಲ್ಲಿ ಬೆಲೆ ಇಲ್ವಾ?

"ಅನುಭವ ಇದ್ದವರಿಗೆಲ್ಲ ಪಾಠ ಮಾಡೋಕೆ ಬರಲ್ಲ." ಬರಲ್ಲ, ಒಪ್ಪಿದೆ, ಮುಂದಕ್ಕೆ ಹೋಗೋಣ. "ಇಂಡಸ್ಟ್ರಿ ಸಂಬಳ ಬಿಟ್ಟು ಯಾರು ಬರ್ತಾರೆ?" ಸಂಜೆ ಒಂದು ಕ್ಲಾಸಿಗೆ ಬರ್ತಾರೆ ಸ್ವಾಮಿ, ಕರೆದು ನೋಡಿ! "ಪಿಎಚ್‌ಡಿ ಇದೆಯಲ್ಲ?" ಇರಲಿ, ಫ್ರೇಮ್ ಹಾಕಿಸಿ. ಕೆಲಸ ಮಾಡಿದವರೇ ಕಲಿಸಬೇಕು. ಯಾಕೆ ಅಂದರೆ... ಮಾಡಿದವರೇ ಕಲಿಸಬೇಕು, ಅಷ್ಟೇ! ಇನ್ನೆಷ್ಟು ಸಲ ಹೇಳಲಿ?

ಮುಂದಿನ ವಾರ, ಪವರ್‌ಪಾಯಿಂಟಿನಲ್ಲಿ ಕೋಡಿಂಗ್ ಕಲಿಸುವವರ ಬಗ್ಗೆ. ಅದಕ್ಕೂ ಬೈತೀರಿ, ಗೊತ್ತು. ಬೈಯಿರಿ, ಆದರೆ ಶೇರ್ ಮಾಡಿ ಬೈಯಿರಿ.