ತುವಾಲು: ನೆಲದಡಿಯಿಂದ ಉಕ್ಕೋ ಸಮುದ್ರ

ವಿಮಾನದ ಕಿಟಕಿಯಿಂದ ಕೆಳಗೆ ಕಾಣ್ತಿರೋ ಈ ಹಸಿರು ಗೆರೆ ಫೊಂಗಾಫಾಲೆ. ಪೆಸಿಫಿಕ್ ಸಾಗರದ ತುವಾಲು ದೇಶದ ರಾಜಧಾನಿ ಫುನಾಫುಟಿಯ ಮುಖ್ಯ ದ್ವೀಪ. ಉದ್ದ ಸುಮಾರು 12 ಕಿ.ಮೀ., ಅಗಲ ಎಷ್ಟೇ ಹಿಗ್ಗಿದರೂ 400 ಮೀಟರ್. ದೇಶದ ಒಂಬತ್ತೂ ದ್ವೀಪ ಕೂಡಿಸಿದರೆ ನೆಲ 26 ಚದರ ಕಿ.ಮೀ., ಜನ ಹನ್ನೊಂದು ಸಾವಿರದ ಆಸುಪಾಸು. ‘ತುವಾಲು’ ಅಂದರೆ ಒಟ್ಟಿಗೆ ನಿಂತ ಎಂಟು. ಒಂಬತ್ತನೆಯ ನಿಯುಲಾಕಿಟದಲ್ಲಿ ಹಿಂದೆ ಕಾಯಂ ವಸತಿ ಇರಲಿಲ್ಲ, ಅದಕ್ಕೇ ಲೆಕ್ಕದಿಂದ ಹೊರಗೆ. ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿದ್ದು 1978ರ ಅಕ್ಟೋಬರ್ 1ಕ್ಕೆ.

ಇಲ್ಲಿ ನದಿಯಿಲ್ಲ, ಹೊಳೆಯಿಲ್ಲ. ಮಳೆಯೇನೋ ಹೆಚ್ಚುಕಡಿಮೆ ನಮ್ಮ ಮಂಗಳೂರಿನಷ್ಟೇ ಸುರಿಯುತ್ತೆ, ಆದರೆ ಹವಳದ ನೆಲ ಜರಡಿ ಇದ್ದ ಹಾಗೆ, ನೀರು ನಿಲ್ಲಲ್ಲ. ತಗಡಿನ ಸೂರು, ಸೂರಿನ ನೀರು ಹರಿಯೋ ದೋಣಿ, ಟ್ಯಾಂಕು: ಕುಡಿಯೋ ನೀರಿನ ವ್ಯವಸ್ಥೆ ಮುಖ್ಯವಾಗಿ ಇಷ್ಟೇ. 2011ರಲ್ಲಿ ಮಳೆ ಕೈಕೊಟ್ಟಾಗ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಬೇಕಾಯ್ತು.

ಜನವರಿಯಿಂದ ಮಾರ್ಚ್‌ವರೆಗೆ ದೊಡ್ಡ ಉಬ್ಬರದ ಕಾಲ. ದಡಕ್ಕೆ ಗೋಡೆ ಕಟ್ಟಿದರೆ ಆಯ್ತಲ್ಲ ಅಂತ ಅನ್ನಿಸಬಹುದು. ಗೋಡೆ ಅಲೆ ತಡೆಯುತ್ತೆ, ನಿಜ. ಆದರೆ ಉಪ್ಪುನೀರು ಹವಳದ ತೂತುಗಳಲ್ಲಿ ನುಸುಳಿ, ದ್ವೀಪದ ನಡುವೆ ಅಂಗಳದಲ್ಲೇ ಬುಗ್ಗೆಯಾಗಿ ಏಳುತ್ತೆ.

ಅದರ ಪೆಟ್ಟು ಮೊದಲು ಬೀಳೋದು ಪುಲಾಕಕ್ಕೆ. ಪುಲಾಕ ನಮ್ಮ ಕೆಸುವಿನ ದೊಡ್ಡ ನೆಂಟ. ಸರಿಯಾಗಿ ಬೇಯದಿದ್ದರೆ ಇದೂ ಗಂಟಲು ತುರಿಸುತ್ತೆ. ನೆಲದಡಿ ಉಪ್ಪುನೀರಿಗಿಂತ ಹಗುರವಾದ ಮಳೆನೀರು ತೆಳು ಪದರವಾಗಿ ತೇಲ್ತಿರುತ್ತೆ. ಆ ಸಿಹಿನೀರು ತಾಗೋವರೆಗೆ ಗುಂಡಿ ತೋಡಿ, ಗಿಡದ ಸುತ್ತ ತಳವಿಲ್ಲದ ಬುಟ್ಟಿಯಿಟ್ಟು ಸೊಪ್ಪುಸದೆ ತುಂಬುತ್ತಾ ಹೋಗ್ತಾರೆ. ಗೆಡ್ಡೆ ಬಲಿಯೋಕೆ ವರ್ಷಗಳೇ ಬೇಕು. ಒಂದು ಸಲ ಉಪ್ಪು ಹೊಕ್ಕರೆ ಎಲೆ ಹಳದಿ, ಗೆಡ್ಡೆ ಕೊಳೆ.

ಬರೋರಿಗೆ ಎರಡು ಮಾತು. ವಿಮಾನ ಫಿಜಿಯ ಸುವಾದಿಂದ, ವಾರಕ್ಕೆ ಕೆಲವೇ ಸಲ. ತಪ್ಪಿದರೆ ದಿನಗಟ್ಟಲೆ ಕಾಯಬೇಕು. ನಡೆಯೋದು ಆಸ್ಟ್ರೇಲಿಯನ್ ಡಾಲರ್. ದೇಶದ ಮೊದಲ ಎಟಿಎಂ ಬಂದಿದ್ದೇ 2025ರಲ್ಲಿ, ಹಾಗಾಗಿ ನೋಟು ಜೇಬಲ್ಲೇ ಇರಲಿ.

ಈಗ ನಾವು ಇಳೀತಿರೋ ರನ್‌ವೇ ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಮಾಡಿದ್ದು. ಸಂಜೆ ಇದೇ ಊರಿನ ಆಟದ ಬಯಲು: ವಾಲಿಬಾಲು, ಫುಟ್ಬಾಲು, ಬೈಕು, ಎಲ್ಲಾ ಇಲ್ಲೇ. ವಿಮಾನ ಬರೋ ಹೊತ್ತಿಗೆ ಸೈರನ್ ಕೂಗುತ್ತೆ. ಆಗ ಪಕ್ಕಕ್ಕೆ ಸರಿದುಬಿಡಿ.