ಮೂಕಿ ಕಾಲದ ರೊನಾಲ್ಡ್ ಕೋಲ್ಮನ್

ನಮಸ್ಕಾರ. ಕಳೆದ ವಾರವಿಡೀ ರಾತ್ರಿ ಊಟವಾದ ಮೇಲೆ ನಾನು ಒಬ್ಬರೇ ನಟರ ಮೂಕಿ ಚಿತ್ರಗಳನ್ನು ನೋಡುತ್ತಿದ್ದೆ. ಅವರ ಮುಖಕ್ಕಿಂತ ಹೆಚ್ಚಾಗಿ ಕಾಲುಗಳನ್ನೇ ಗಮನಿಸುತ್ತಿದ್ದೆ, ಅದಕ್ಕೊಂದು ಕಾರಣವಿದೆ.

ರೊನಾಲ್ಡ್ ಕೋಲ್ಮನ್ ಹುಟ್ಟಿದ್ದು 1891ರಲ್ಲಿ, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಲಂಡನ್ ಸ್ಕಾಟಿಷ್ ದಳದ ಸೈನಿಕರಾಗಿದ್ದ ಅವರಿಗೆ 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಮೆಸೀನ್‌ನಲ್ಲಿ ಸಿಡಿಗುಂಡಿನ ಚೂರು ತಗುಲಿ ಪಾದದ ಗಂಟಿಗೆ ಏಟಾಯಿತು. ಗಾಯ ಮಾಯ್ದರೂ ಕುಂಟು ಹೋಗಲಿಲ್ಲ. ಸೈನ್ಯ ಬಿಟ್ಟು ರಂಗಭೂಮಿಗೆ ಬಂದರು, ನಿರ್ದೇಶಕ ಸೆಸಿಲ್ ಹೆಪ್‌ವರ್ತ್ ಅವರ ಒಂದೆರಡು ಬ್ರಿಟಿಷ್ ಚಿತ್ರಗಳಲ್ಲಿ ಕಾಣಿಸಿಕೊಂಡರು, 1920ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು.

ನ್ಯೂಯಾರ್ಕಿನ ನಾಟಕವೊಂದರಲ್ಲಿ ಅವರನ್ನು ಕಂಡ ನಿರ್ದೇಶಕ ಹೆನ್ರಿ ಕಿಂಗ್, ಕ್ಯಾಮೆರಾ ಪರೀಕ್ಷೆಯ ದಿನ ಅವರ ಕೂದಲನ್ನು ಒತ್ತಿ ಬಾಚಿ, ಮೇಲ್ದುಟಿಯ ಮೇಲೆ ಪೆನ್ಸಿಲಿನಿಂದ ಸಣ್ಣದೊಂದು ಮೀಸೆ ಬರೆದರು. ಮುಂದೆ ಜಗತ್ತೇ ಗುರುತಿಸಿದ ಮೀಸೆ ಅದು! ನಟಿ ಲಿಲಿಯನ್ ಗಿಶ್ ಜೊತೆ ಇಟಲಿಯಲ್ಲಿ ಚಿತ್ರೀಕರಿಸಿದ 1923ರ ‘ದಿ ವೈಟ್ ಸಿಸ್ಟರ್’ ಅವರನ್ನು ನಾಯಕನಟನ ಸಾಲಿಗೆ ತಂದಿತು.

ಎದೆ ಬಡಿದುಕೊಂಡು, ಕಣ್ಣರಳಿಸಿ ನಟಿಸುವುದು ಸಾಮಾನ್ಯವಾಗಿದ್ದ ಆ ದಿನಗಳಲ್ಲಿ ಕೋಲ್ಮನ್ ಸುಮ್ಮನೆ ನಿಲ್ಲುತ್ತಿದ್ದರು. ಹುಬ್ಬು ತುಸು ಮೇಲೇರಿದರೆ, ನೋಟ ಒಂದು ಕ್ಷಣ ತಡೆದರೆ, ಹೇಳಬೇಕಾದದ್ದು ನಮಗೆ ತಲುಪುತ್ತಿತ್ತು. ನೋವನ್ನು ಬಚ್ಚಿಟ್ಟು ನಡೆಯುವುದನ್ನು ಕಲಿತ ದೇಹಕ್ಕೆ ಈ ಸಂಯಮ ಸಹಜವಾಗಿ ಒಲಿಯಿತು ಎಂದು ನನಗೆ ಬಲವಾಗಿ ಅನಿಸುತ್ತದೆ. 1925ರ ‘ದಿ ಡಾರ್ಕ್ ಏಂಜೆಲ್’ನಲ್ಲಿ ಅವರದು ಯುದ್ಧದಲ್ಲಿ ಕಣ್ಣು ಕಳೆದುಕೊಂಡು, ಪ್ರೇಯಸಿ ಎದುರಿಗೆ ಬಂದಾಗ ಕುರುಡನ್ನು ಮರೆಮಾಚುವ ಯೋಧನ ಪಾತ್ರ. ಗಾಯವನ್ನು ಮರೆಮಾಚುವುದು ಹೇಗೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಈ ವಾರ ನನ್ನನ್ನು ಅತಿಯಾಗಿ ಕಾಡಿದ ನಷ್ಟ ಇದೇ.

ಆ ಚಿತ್ರದಿಂದ ಜೋಡಿಯಾದ ಹಂಗೇರಿಯ ನಟಿ ವಿಲ್ಮಾ ಬಾಂಕಿ ಮತ್ತು ಕೋಲ್ಮನ್, ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್ವಿನ್ ಅವರಿಗಾಗಿ 1928ರವರೆಗೆ ಐದು ಚಿತ್ರಗಳಲ್ಲಿ ಜನರನ್ನು ಮರುಳು ಮಾಡಿದರು. ಅಷ್ಟರಲ್ಲಿ ಟಾಕಿ ಬಂತು. ಬಾಂಕಿಯವರ ಹಂಗೇರಿಯನ್ ಉಚ್ಚಾರಣೆ ಅವರ ವೃತ್ತಿಗೆ ತೊಡಕಾಯಿತು. ಕೋಲ್ಮನ್ ಅವರಿಗೋ, ರಂಗಭೂಮಿಯಲ್ಲಿ ಪಳಗಿದ್ದ, ಮೂಕಿಗೆ ಬೇಕೇ ಆಗಿರದ ಮೃದು ಕಂಠವೇ ದೊಡ್ಡ ಆಸ್ತಿಯಾಯಿತು. 1929ರ ‘ಬುಲ್‌ಡಾಗ್ ಡ್ರಮ್ಮಂಡ್’ ಮತ್ತು ‘ಕಂಡೆಮ್ಡ್’ ಎರಡಕ್ಕೂ ಆಸ್ಕರ್ ನಾಮನಿರ್ದೇಶನ ದೊರೆಯಿತು. ಪ್ರಶಸ್ತಿ ಕೈಗೆ ಬಂದದ್ದು 1948ರಲ್ಲಿ, ‘ಎ ಡಬಲ್ ಲೈಫ್’ ಚಿತ್ರಕ್ಕೆ.

ಇನ್ನು ಆ ಕಾಲುಗಳ ವಿಷಯ. 1926ರ ‘ಬೋ ಜೆಸ್ಟ್’ ಚಿತ್ರಕ್ಕಾಗಿ ಅಮೆರಿಕದ ಯೂಮಾ ಸಮೀಪದ ಮರಳುದಿಬ್ಬಗಳನ್ನೇ ಸಹಾರಾ ಮಾಡಿಕೊಂಡಿದ್ದರು. ಗಟ್ಟಿ ಕಾಲಿನವರೂ ತಡವರಿಸುವ ಆ ಮರಳಿನ ದೃಶ್ಯಗಳನ್ನು ಎರಡೆರಡು ಬಾರಿ ಹಿಂದಕ್ಕೆ ಓಡಿಸಿ ನೋಡಿದೆ. ಕುಂಟು ನನ್ನ ಕಣ್ಣಿಗೆ ಬೀಳಲೇ ಇಲ್ಲ.